ಯಾವ ವೈದ್ಯಕೀಯ ಪ್ರಯೋಗಕ್ಕೆ ಹೆಸರು ಕೊಡಬೇಕು? ಮುಂಬೈ, ಪುಣೆ, ಗೋವಾದ ಕನ್ನಡಿಗರಿಗೆ ಒಂದು ಹೋಲಿಕೆ

ವಾಟ್ಸಾಪ್ ಗುಂಪಿಗೆ ಒಂದು ಪೋಸ್ಟರ್ ಬರುತ್ತದೆ. "ಶುಗರ್ ಬಾರ್ಡರ್‌ನಲ್ಲಿದೆಯಾ? ಹನ್ನೆರಡು ವಾರ ಉಚಿತ ಯೋಗ, ಉಚಿತ ರಕ್ತ ಪರೀಕ್ಷೆ." ಕೆಳಗೆ ಒಂದು ಮೆಡಿಕಲ್ ಕಾಲೇಜಿನ ಹೆಸರು, ಒಂದು ಮೊಬೈಲ್ ನಂಬರ್. ಸ್ವಲ್ಪ ದಿನ ಬಿಟ್ಟು ಇನ್ನೊಂದು, ಈ ಸಲ ವಿಟಮಿನ್ ಮಾತ್ರೆಯದ್ದು. ಆಮೇಲೆ ಬಿಪಿ ತೋರಿಸಲು ಆಸ್ಪತ್ರೆಗೆ ಹೋದ ಯಾರೋ ಒಬ್ಬರು "ನಮ್ಮ ಸ್ಟಡಿಗೆ ಸೇರ್ತೀರಾ ಅಂತ ಕೇಳಿದರು, ಏನು ಹೇಳಲಿ?" ಅಂತ ಬರೆಯುತ್ತಾರೆ. ಡೊಂಬಿವಲಿಯ ಅಜ್ಜಿಯರಿಂದ ಹಿಡಿದು ಹಿಂಜೆವಾಡಿಯ ಐಟಿ ಹುಡುಗರವರೆಗೆ, ಅಲ್ಲಿಂದ ವಾಸ್ಕೋದ ಕೂಲಿ ಕೆಲಸದವರವರೆಗೆ, ಎಲ್ಲರ ಪ್ರಶ್ನೆ ಒಂದೇ. ಸೇರಬಹುದಾ? ಸೇರುವುದಾದರೆ ಯಾವುದಕ್ಕೆ?

ನನ್ನನ್ನು ಕೇಳಲು ಒಂದು ಕಾರಣವಿದೆ. ಬ್ಯಾಂಕ್ ಕೆಲಸದಿಂದ ನಿವೃತ್ತನಾದ ಮೇಲೆ ಮುಂಬೈನ ಒಂದು ಆಸ್ಪತ್ರೆಯ ಎಥಿಕ್ಸ್ ಕಮಿಟಿಯಲ್ಲಿ ಕೂರುತ್ತಿದ್ದೇನೆ. ಡಾಕ್ಟರ್ ಅಲ್ಲ, ವಕೀಲನೂ ಅಲ್ಲ. ಮನುಷ್ಯರ ಮೇಲೆ ನಡೆಯುವ ಪ್ರತಿ ಅಧ್ಯಯನಕ್ಕೂ ಇಂಥ ಕಮಿಟಿಯ ಒಪ್ಪಿಗೆ ಬೇಕು. ಅದರಲ್ಲಿ ಕನಿಷ್ಠ 7 ಜನ ಇರಬೇಕು, ಅರ್ಧದಷ್ಟಾದರೂ ಜನ ಆ ಸಂಸ್ಥೆಗೆ ಸಂಬಂಧಪಡದವರಾಗಿರಬೇಕು, ಜೊತೆಗೆ ವೈದ್ಯಕೀಯ ಗೊತ್ತಿಲ್ಲದ ಒಬ್ಬ ಸಾಮಾನ್ಯ ಮನುಷ್ಯ ಇರಲೇಬೇಕು ಅಂತ ಹೊಸ ಔಷಧ ಮತ್ತು ಪ್ರಯೋಗಗಳ ಬಗ್ಗೆ ಸರ್ಕಾರ ಮಾಡಿದ 2019ರ ನಿಯಮ ಹೇಳುತ್ತದೆ. ಆ ಸಾಮಾನ್ಯ ಮನುಷ್ಯ ನಾನು. ಒಪ್ಪಿಗೆ ಪತ್ರ ಓದಿ "ಇದು ನನಗೆ ಅರ್ಥವಾಗಲಿಲ್ಲ" ಅನ್ನುವುದೇ ನನ್ನ ಕೆಲಸ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪ್ರಯೋಗ ಅಂದರೆ ಚಿಕಿತ್ಸೆ ಅಲ್ಲ. ಚಿಕಿತ್ಸೆಯಲ್ಲಿ ಡಾಕ್ಟರ್ ನಿಮಗೆ ಯಾವುದು ಒಳ್ಳೆಯದು ಅಂತ ಯೋಚಿಸುತ್ತಾರೆ. ಪ್ರಯೋಗದಲ್ಲಿ ಅವರಿಗೆ ಒಂದು ಪ್ರಶ್ನೆಗೆ ಉತ್ತರ ಬೇಕಾಗಿದೆ, ನೀವು ಅದಕ್ಕೆ ಸಹಾಯ ಮಾಡುತ್ತೀರಿ. ನಿಮಗೂ ಲಾಭವಾಗಬಹುದು, ಆಗದೆಯೂ ಇರಬಹುದು. ಇದು ತಲೆಯಲ್ಲಿದ್ದರೆ ಮುಂದಿನದು ಸುಲಭ.

ಯಾವುದನ್ನು ಅಳೆದು ನೋಡಬೇಕು

ಮೊದಲನೆಯದು ಎರಡನೇ ಗುಂಪು. ಹೆಚ್ಚಿನ ಪ್ರಯೋಗಗಳಲ್ಲಿ ಎರಡು ಗುಂಪು ಇರುತ್ತವೆ. ಒಂದಕ್ಕೆ ಹೊಸದು, ಅಂದರೆ ಯೋಗವೋ ಮಾತ್ರೆಯೋ ಊಟದ ಪಟ್ಟಿಯೋ ಏನಾದರೊಂದು. ಇನ್ನೊಂದಕ್ಕೆ ಈಗ ಇರುವ ಸಾಮಾನ್ಯ ಆರೈಕೆ, ಅಥವಾ ಔಷಧ ಇಲ್ಲದ ಮಾತ್ರೆ. ಯಾರು ಯಾವ ಗುಂಪಿಗೆ ಅನ್ನುವುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತದೆ. ಡಾಕ್ಟರಿಗೂ ಆಯ್ಕೆ ಇಲ್ಲ, ನಿಮಗೂ ಇಲ್ಲ, ನಿಮ್ಮ ಭಾವನ ಪರಿಚಯಕ್ಕೂ ಇಲ್ಲ. ಪೋಸ್ಟರ್ ನೋಡಿ ಬರುವವರೆಲ್ಲ ಮೊದಲ ಗುಂಪನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರುತ್ತಾರೆ. ಆದರೆ ಎರಡೇ ಗುಂಪು, ಸಮ ಪಾಲು ಅಂದರೆ ಬಂದವರಲ್ಲಿ ಅರ್ಧ ಜನ ಎರಡನೆಯದಕ್ಕೆ ಬೀಳುತ್ತಾರೆ.

ಹಾಗಾಗಿ ನನ್ನ ಲೆಕ್ಕ ಇಷ್ಟೇ. ಎರಡನೇ ಗುಂಪಿಗೆ ಬಿದ್ದರೂ "ಪರವಾಗಿಲ್ಲ, ಸೇರಿದ್ದು ಸರಿಯೇ" ಅನ್ನಿಸುವಂತಿದ್ದರೆ ಸೇರಿ. ಅನ್ನಿಸದಿದ್ದರೆ ಬೇಡ.

ಎರಡನೇ ಗುಂಪು ಅಂದರೆ ಯಾವಾಗಲೂ ಖಾಲಿ ಕೈ ಅಂತಲ್ಲ. ಮುಂಬೈನ ಬಡ ಬಸ್ತಿಗಳಲ್ಲಿ 2006ರಿಂದ ನಡೆದ, "ಸರಸ್" ಅಂತ ಕರೆಯುತ್ತಿದ್ದ ತಾಯಂದಿರ ಪೋಷಣೆಯ ಪ್ರಯೋಗವನ್ನೇ ನೋಡಿ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಇಲ್ಲಿನವರ ಜೊತೆ ಸೇರಿ ಮಾಡಿದ್ದು. 6,513 ಮಹಿಳೆಯರು ಸೇರಿದ್ದರು. ಗರ್ಭಿಣಿಯಾಗುವ ಮೊದಲಿನಿಂದಲೇ ದಿನಾ ಕೇಂದ್ರಕ್ಕೆ ಬಂದು ಒಂದು ತಿಂಡಿ ತಿನ್ನಬೇಕಿತ್ತು. ಒಂದು ಗುಂಪಿನ ತಿಂಡಿಯಲ್ಲಿ ಸೊಪ್ಪು, ಹಣ್ಣು, ಹಾಲು. ಇನ್ನೊಂದು ಗುಂಪಿನ ತಿಂಡಿಯಲ್ಲಿ ಆಲೂಗಡ್ಡೆ, ಈರುಳ್ಳಿಯಂಥವು. ಎರಡೂ ಗುಂಪಿಗೆ ತಿಂಡಿ ಸಿಕ್ಕಿತು, ಕಾಳಜಿಯೂ ಸಿಕ್ಕಿತು. ಫಲಿತಾಂಶವೂ ಗಮನಿಸುವಂಥದ್ದು. ಅವರು ಹುಡುಕಿದ್ದು ಮಗುವಿನ ಹುಟ್ಟು ತೂಕ ಹೆಚ್ಚುತ್ತದಾ ಅಂತ. ಒಟ್ಟಾರೆ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ಗರ್ಭಿಣಿಯರಲ್ಲಿ ಬರುವ ಸಕ್ಕರೆ ಕಾಯಿಲೆ ಆಲೂಗಡ್ಡೆ ಗುಂಪಿನಲ್ಲಿ ನೂರಕ್ಕೆ ಸುಮಾರು 12 ಇದ್ದದ್ದು ಸೊಪ್ಪಿನ ಗುಂಪಿನಲ್ಲಿ ಸುಮಾರು 7ಕ್ಕೆ ಇಳಿದಿತ್ತು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಪ್ರಯೋಗ ಅಂದರೆ ಹೀಗೂ ಆಗುತ್ತದೆ.

ಉಲ್ಟಾ ಉದಾಹರಣೆಯೂ ಇದೆ. 2006ರಲ್ಲಿ ಪ್ರಕಟವಾದ ಚೆನ್ನೈನ ಮಧುಮೇಹ ತಡೆ ಪ್ರಯೋಗದಲ್ಲಿ ಬಾರ್ಡರ್ ಶುಗರ್ ಇದ್ದ 531 ಜನರನ್ನು ನಾಲ್ಕು ಗುಂಪು ಮಾಡಿದ್ದರು. ಸಾಮಾನ್ಯ ಸಲಹೆ ಮಾತ್ರ ಸಿಕ್ಕ ಗುಂಪಿನಲ್ಲಿ ಮೂರು ವರ್ಷದಲ್ಲಿ ನೂರಕ್ಕೆ 55 ಜನರಿಗೆ ಮಧುಮೇಹ ಬಂತು. ಊಟ, ನಡಿಗೆ ಬದಲಿಸಿದ ಗುಂಪಿನಲ್ಲಿ ಸುಮಾರು 39, ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆಯ ಗುಂಪಿನಲ್ಲಿ ಸುಮಾರು 40. ಎರಡನ್ನೂ ಮಾಡಿದವರಿಗೂ ಅಷ್ಟೇ, ಜಾಸ್ತಿ ಲಾಭ ಏನೂ ಬರಲಿಲ್ಲ. ಈಗ ನಿಮಗೆ ಬಾರ್ಡರ್ ಶುಗರ್ ಇದ್ದು, ಎರಡನೇ ಗುಂಪಿಗೆ ಬಿದ್ದು, "ಎಂದಿನಂತೆ ಇರಿ" ಅಂತ ಹೇಳಿದರೆ? ಕೇಳಬೇಕಾದ ಪ್ರಶ್ನೆ ಅದು. "ಎರಡನೇ ಗುಂಪಿನಲ್ಲಿದ್ದರೆ ನಾನಾಗಿ ವಾಕಿಂಗ್ ಶುರು ಮಾಡಬಹುದಾ? ಶುಗರ್ ಏರಿದರೆ ಯಾರು ನೋಡುತ್ತಾರೆ? ಪ್ರಯೋಗ ಮುಗಿದ ಮೇಲೆ ನನಗೂ ಆ ಯೋಗ ಕಲಿಸುತ್ತೀರಾ?" ಒಳ್ಳೆಯ ಪ್ರಯೋಗಗಳಲ್ಲಿ ಮೂರಕ್ಕೂ ಸರಿಯಾದ ಉತ್ತರ ಇರುತ್ತದೆ. ಕೊನೆಯದಕ್ಕಂತೂ "ಹೌದು, ಕಾಯುವವರ ಪಟ್ಟಿಯಲ್ಲಿ ಇರುತ್ತೀರಿ" ಅನ್ನುವ ಪ್ರಯೋಗಗಳನ್ನು ನಾನು ಯಾವಾಗಲೂ ಒಂದು ಕೈ ಮೇಲಿಡುತ್ತೇನೆ.

ಎರಡನೆಯದು ನಿಮ್ಮ ದಿನ. ಒಪ್ಪಿಗೆ ಪತ್ರದಲ್ಲಿ ಅಥವಾ ಅದರ ಜೊತೆಗಿನ ಹಾಳೆಯಲ್ಲಿ ಭೇಟಿಗಳ ಪಟ್ಟಿ ಇರುತ್ತದೆ. ಯಾರೂ ಓದದ ಭಾಗ, ನಾನು ಮೊದಲು ಓದುವ ಭಾಗ. ಭೇಟಿ 1, ಭೇಟಿ 2, ಯಾವತ್ತು ರಕ್ತ, ಎಷ್ಟು ಮಿಲಿ, ಖಾಲಿ ಹೊಟ್ಟೆಯಾ ಅಲ್ವಾ. ಐದು ಮಿಲಿ ಅಂದರೆ ಒಂದು ಟೀ ಚಮಚ, ಅದರಿಂದ ಏನೂ ಆಗುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ಡೊಂಬಿವಲಿಯಲ್ಲಿ ಇರುವವರು ಪರೇಲ್ ಕಡೆಯ ಆಸ್ಪತ್ರೆಗೆ ಬೆಳಿಗ್ಗೆ ಎಂಟೂವರೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂದರೆ ಏನರ್ಥ ಗೊತ್ತಲ್ಲ. ಚಹಾ ಇಲ್ಲ, ಬಿಸ್ಕೆಟ್ ಇಲ್ಲ, ಫಾಸ್ಟ್ ಲೋಕಲ್‌ನಲ್ಲಿ ದಾದರ್‌ವರೆಗೆ ನಿಂತು, ಅಲ್ಲಿ ಇಳಿದು ಸ್ಲೋ ಹಿಡಿದು, ಸೇತುವೆ ಹತ್ತಿ ಇಳಿದು, ರಕ್ತ ಕೊಟ್ಟು, ಆಮೇಲೆ 75 ಗ್ರಾಂ ಗ್ಲೂಕೋಸ್ ಕರಗಿಸಿದ ಸಿಹಿ ನೀರು ಕುಡಿದು ಎರಡು ಗಂಟೆ ಅಲ್ಲೇ ಬೆಂಚಿನ ಮೇಲೆ ಕೂರಬೇಕು. ಕೆಲವರಿಗೆ ಆ ನೀರು ಕುಡಿದರೆ ವಾಂತಿ ಬಂದಂತಾಗುತ್ತದೆ. ಇದೆಲ್ಲ ಒಂದು ಸಲ ಆದರೆ ಸರಿ. ಆರು ಸಲ ಅಂದರೆ ಈಗಲೇ ಯೋಚಿಸಿ, ಮೂರನೇ ಸಲಕ್ಕೆ ಬಿಡುವುದಕ್ಕಿಂತ ಅದು ಮೇಲು.

ಮೂರನೆಯದು ಹಣ. ಅಧ್ಯಯನಕ್ಕಾಗಿಯೇ ಮಾಡುವ ಪರೀಕ್ಷೆಗೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ, ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಓಡಾಟದ ಖರ್ಚು ಕೊಡಬಹುದು, ಕೆಲವು ಕಡೆ ಕಳೆದುಕೊಂಡ ಕೂಲಿಯನ್ನೂ ಕೊಡುತ್ತಾರೆ. ಎಷ್ಟು, ಯಾವಾಗ, ಕೈಗೆ ಕೊಡುತ್ತಾರಾ ಖಾತೆಗೆ ಹಾಕುತ್ತಾರಾ ಅಂತ ಕೇಳಲು ನಾಚಿಕೆ ಬೇಡ. ಹಣ ಬಹಳ ಜಾಸ್ತಿ ಅನ್ನಿಸಿದರೆ ಮಾತ್ರ ಎಚ್ಚರ. ಹಣದಾಸೆಗೆ ಜನ ಅಪಾಯ ಮರೆಯಬಾರದು ಅಂತ ಕಮಿಟಿಯೂ ಅದನ್ನೇ ನೋಡುತ್ತದೆ.

ನಾಲ್ಕನೆಯದು ಅಪಾಯ, ಮತ್ತು ಏನಾದರೂ ಆದರೆ ಯಾರು ಹೊಣೆ. ಐದನೆಯದು, ಈ ಅಧ್ಯಯನದಿಂದ ನಿಜಕ್ಕೂ ಏನಾದರೂ ತಿಳಿಯುತ್ತದಾ, ಅಥವಾ ಸುಮ್ನೆ ನಿಮ್ಮ ಸಮಯ ಹಾಳಾ. ಈ ಎರಡನ್ನೂ ಒಂದೊಂದು ಬಗೆಯ ಜೊತೆಗೇ ನೋಡೋಣ.

ಊಟ, ನಡಿಗೆ, ಯೋಗದ ಪ್ರಯೋಗಗಳು

ಮನೆಯವರು ಹೆಚ್ಚು ಹೆದರದೆ ಒಪ್ಪುವುದು ಇದಕ್ಕೆ. ಅಪಾಯ ಕಡಿಮೆ, ಅದು ನಿಜ. ಆದರೆ ಸಮಯ ತಿನ್ನುವುದರಲ್ಲಿ ಇದೇ ಮೊದಲು. ಮಾತ್ರೆ ನುಂಗಲು ಒಂದು ನಿಮಿಷ ಸಾಕು. ವಾರಕ್ಕೆ 150 ನಿಮಿಷ ನಡೆಯಬೇಕು ಅಂದರೆ ಜೀವನವನ್ನೇ ಸ್ವಲ್ಪ ಸರಿಸಿ ಜಾಗ ಮಾಡಿಕೊಳ್ಳಬೇಕು. ಆ 150 ನಿಮಿಷ ಸುಮ್ನೆ ಹೇಳಿದ ಸಂಖ್ಯೆ ಅಲ್ಲ. ಅಮೆರಿಕದಲ್ಲಿ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮಧುಮೇಹ ತಡೆ ಪ್ರಯೋಗದ ಗುರಿ ಅದು. ಜೊತೆಗೆ ತೂಕದಲ್ಲಿ ನೂರಕ್ಕೆ 7ರಷ್ಟು ಇಳಿಸಬೇಕಿತ್ತು. ಹಾಗೆ ಮಾಡಿದ ಗುಂಪಿನಲ್ಲಿ ಮಧುಮೇಹ 58% ಕಡಿಮೆಯಾಯಿತು, ಮೆಟ್‌ಫಾರ್ಮಿನ್ ಗುಂಪಿನಲ್ಲಿ 31%. ನಡಿಗೆ ಮಾತ್ರೆಯನ್ನು ಸೋಲಿಸಿದ ಪ್ರಯೋಗ ಅಂತ ಇದನ್ನು ಇವತ್ತಿಗೂ ಎಲ್ಲರೂ ಎತ್ತಿ ಹೇಳುತ್ತಾರೆ. ಚೆನ್ನೈನಲ್ಲಿ ಎರಡೂ ಹತ್ತಿರ ಹತ್ತಿರ ಸಮ ಬಂದವು, ಅದನ್ನು ಮಾತ್ರ ನಮ್ಮವರು ಹೇಳುವುದು ಕಡಿಮೆ.

ಈ ಬಗೆಯ ಒಂದು ದೌರ್ಬಲ್ಯ ಗೊತ್ತಿರಲಿ. ಮಾತ್ರೆಯಲ್ಲಿ ಔಷಧ ಇದೆಯೋ ಇಲ್ಲವೋ ಅಂತ ನಿಮ್ಮಿಂದ ಮುಚ್ಚಿಡಬಹುದು. ಯೋಗ ಮಾಡುತ್ತಿದ್ದೀರಾ ಇಲ್ಲವಾ ಅಂತ ನಿಮ್ಮಿಂದಲೇ ಮುಚ್ಚಿಡುವುದು ಹೇಗೆ? ಹಾಗಾಗಿ "ಈಗ ಹೇಗನ್ನಿಸುತ್ತದೆ?" ಅನ್ನುವ ಪ್ರಶ್ನೆಯ ಮೇಲೇ ನಿಂತ ಯೋಗ ಪ್ರಯೋಗಕ್ಕಿಂತ ರಕ್ತ, ತೂಕ, ಬಿಪಿ ಅಳೆಯುವ ಪ್ರಯೋಗ ನಂಬಲು ಸುಲಭ. ಮತ್ತೆ, ನಾಲ್ಕು ವಾರದ ಯೋಗದಿಂದ ಎಚ್‌ಬಿಎ1ಸಿ ಇಳಿಯುತ್ತದೆ ಅಂತ ಯಾರಾದರೂ ಬರೆದಿದ್ದರೆ ಅಲ್ಲೇ ನಿಲ್ಲಿ. ಆ ರಕ್ತ ಪರೀಕ್ಷೆ ತೋರಿಸುವುದೇ ಸುಮಾರು ಮೂರು ತಿಂಗಳ ಶುಗರ್ ಸರಾಸರಿಯನ್ನು. ನಾಲ್ಕು ವಾರಕ್ಕೆ ಅದನ್ನು ಅಳೆಯುವವರು ಅವಸರದಲ್ಲಿದ್ದಾರೆ.

ಇದು ಯಾರಿಗೆ ಸರಿ? ಬಾರ್ಡರ್ ಶುಗರ್ ಇರುವವರಿಗೆ, ಅಂದರೆ ಎಚ್‌ಬಿಎ1ಸಿ 5.7ರಿಂದ 6.4ರ ಒಳಗೆ ಇರುವವರಿಗೆ, ಸ್ವಲ್ಪ ಬಿಪಿ ಇರುವವರಿಗೆ, ಒಬ್ಬರೇ ಶುರು ಮಾಡಿದರೆ ಎರಡು ವಾರಕ್ಕೆ ಬಿಟ್ಟುಬಿಡುವವರಿಗೆ. ಯಾರೋ ಫೋನ್ ಮಾಡಿ "ಈ ವಾರ ಎಷ್ಟು ನಡೆದಿರಿ?" ಅಂತ ಕೇಳುವುದೇ ಅರ್ಧ ಔಷಧ. ಆದರೆ ಆ ಫೋನ್ ಸಾಮಾನ್ಯವಾಗಿ ಬರುವುದು ಮೊದಲ ಗುಂಪಿಗೆ. ಎರಡನೇ ಗುಂಪಿನ ಲೆಕ್ಕ ಇಲ್ಲೂ ಬಿಡುವುದಿಲ್ಲ. ಕೇಂದ್ರ ಮನೆಯಿಂದ ಅರ್ಧ ಗಂಟೆಗಿಂತ ದೂರ ಇದ್ದರೆ ನಾನಂತೂ ಬೇಡ ಅನ್ನುತ್ತೇನೆ.

ಔಷಧ, ವಿಟಮಿನ್ ಪ್ರಯೋಗಗಳು

ಇಲ್ಲಿ ಜನ ಹೆದರುವುದು ಜಾಸ್ತಿ, ಆದರೆ ಕಾನೂನಿನ ರಕ್ಷಣೆಯೂ ಇಲ್ಲೇ ಜಾಸ್ತಿ. ಹೊಸ ಔಷಧದ ಪ್ರಯೋಗ ಅಂದರೆ 2019ರ ನಿಯಮಗಳು ಪೂರ್ತಿ ಅನ್ವಯಿಸುತ್ತವೆ. ತೀವ್ರ ತೊಂದರೆ ಏನಾದರೂ ಆದರೆ ಡಾಕ್ಟರ್ 24 ಗಂಟೆಯೊಳಗೆ ವರದಿ ಮಾಡಬೇಕು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಉಚಿತ, ಪರಿಹಾರದ ಹಣಕ್ಕೂ ಲೆಕ್ಕಾಚಾರ ನಿಗದಿಯಾಗಿದೆ.

ಕಾಲೇಜುಗಳಲ್ಲಿ ಹೆಚ್ಚು ನಡೆಯುವುದು ಮಾತ್ರ ಬೇರೆ ಥರದ್ದು. ಈಗಾಗಲೇ ಅಂಗಡಿಯಲ್ಲಿ ಸಿಗುವ ಔಷಧವನ್ನೇ ಬೇರೆ ಕಾಯಿಲೆಗೆ ಅಥವಾ ಬೇರೆ ಪ್ರಮಾಣದಲ್ಲಿ ಕೊಟ್ಟು ನೋಡುವುದು. ಇದನ್ನು ಅಕಾಡೆಮಿಕ್ ಪ್ರಯೋಗ ಅನ್ನುತ್ತಾರೆ. ಎಥಿಕ್ಸ್ ಕಮಿಟಿ ಒಪ್ಪಿದರೆ ಸಾಮಾನ್ಯವಾಗಿ ದೆಹಲಿಯ ಔಷಧ ನಿಯಂತ್ರಕರ ಪ್ರತ್ಯೇಕ ಅನುಮತಿ ಬೇಡ. ಆಗ ನಡೆಯುವುದು ಐಸಿಎಂಆರ್ ಮಾರ್ಗಸೂಚಿಯಂತೆ. ಅದರಲ್ಲೂ ಹಾನಿಯಾದರೆ ಪರಿಹಾರ ಇದೆ, ಆದರೆ ಹಿಂದೆ ದೊಡ್ಡ ಕಂಪನಿ ಇಲ್ಲದ ಕಾರಣ ಹಣ ಎಲ್ಲಿಂದ ಬರುತ್ತದೆ ಅಂತ ಕೇಳಿಯೇ ಸಹಿ ಹಾಕಿ. ಸಂಸ್ಥೆಯ ನಿಧಿಯಾ, ವಿಮೆಯಾ? ನಮ್ಮ ಕಮಿಟಿಯಲ್ಲಿ ಆ ಜಾಗ ಖಾಲಿ ಬಿಟ್ಟ ಒಪ್ಪಿಗೆ ಪತ್ರ ಬಂದರೆ ವಾಪಸ್ ಹೋಗುತ್ತದೆ.

ವಿಟಮಿನ್ ಪ್ರಯೋಗ ಯೋಗ, ನಡಿಗೆಯ ಪ್ರಯೋಗಕ್ಕೂ ಔಷಧದ ಪ್ರಯೋಗಕ್ಕೂ ನಡುವಿನದು. ಅಪಾಯ ಕಡಿಮೆ, ಭೇಟಿಯೂ ಕಡಿಮೆ, ದಿನಕ್ಕೊಂದು ಮಾತ್ರೆ. ತಿಂಗಳುಗಟ್ಟಲೆ ಬಿಡದೆ ನುಂಗುವುದೇ ಕಷ್ಟ. ಎರಡನೇ ಗುಂಪಿಗೆ ಬಿದ್ದರೆ ನುಂಗುವುದು ಏನೂ ಇಲ್ಲದ ಮಾತ್ರೆ, ಅದು ಯಾವುದು ಅಂತ ಕೊನೆಯವರೆಗೂ ಗೊತ್ತಾಗುವುದಿಲ್ಲ. ಆದರೆ ನಿಮಗೆ ಬಿ12 ತೀರಾ ಕಡಿಮೆ ಇದೆ ಅಂತ ಈಗಾಗಲೇ ಗೊತ್ತಿದ್ದರೆ ಪ್ರಯೋಗಕ್ಕೆ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ ಮಾತ್ರೆ ಬರೆಸಿಕೊಳ್ಳಿ. ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಈ ಕೊರತೆ ಸಾಮಾನ್ಯ.

ಎಂಡಿ ವಿದ್ಯಾರ್ಥಿಯ ಪ್ರಬಂಧ

ನಿಮ್ಮನ್ನು ಒಪಿಡಿಯಲ್ಲಿ ಹಿಡಿದು ಕೇಳುವವರು ಬಹುಪಾಲು ಇವರೇ. ಬಿಳಿ ಕೋಟಿನ ಸುಸ್ತಾದ ಹುಡುಗಿ, ಕೈಯಲ್ಲಿ ಫೈಲು, "ಅಂಕಲ್, ಹತ್ತು ನಿಮಿಷ ಅಷ್ಟೇ." ಪಾಪ, ಅವಳು ಮೂರು ವರ್ಷದ ಕೋರ್ಸಿನೊಳಗೆ ಪ್ರಬಂಧ ಮುಗಿಸಬೇಕು. ಅರವತ್ತೋ ಎಂಬತ್ತೋ ಜನ ಸಿಕ್ಕರೆ ಅವಳಿಗೆ ಸಾಕು. ಅಷ್ಟು ಸಣ್ಣ ಅಧ್ಯಯನದಿಂದ ದೊಡ್ಡ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ. ಹಾಗಂತ ತಳ್ಳಿಹಾಕಬೇಡಿ. ನೀವು ಹೇಗೂ ಅದೇ ಆಸ್ಪತ್ರೆಗೆ ಹೋಗುತ್ತಿದ್ದರೆ, ಹೆಚ್ಚುವರಿ ಭೇಟಿ ಇಲ್ಲದಿದ್ದರೆ, ಒಂದು ಪ್ರಶ್ನಾವಳಿ, ಒಂದು ರಕ್ತ ಪರೀಕ್ಷೆ ಅಷ್ಟೇ ಆದರೆ, ಸಹಾಯ ಮಾಡಿ. ಡಾಕ್ಟರುಗಳು ಕಲಿಯುವುದು ಹೀಗೆಯೇ. ನಿಮಗೂ ಒಂದು ಲಾಭ ಇದೆ, ನಿಮ್ಮ ಮಾತು ಪೂರ್ತಿ ಕೇಳುವ ಒಬ್ಬ ಡಾಕ್ಟರ್ ಸಿಗುತ್ತಾರೆ. ಆದರೆ ಈಗ ನಡೆಯುತ್ತಿರುವ ಚಿಕಿತ್ಸೆಯನ್ನೇ ಬದಲಿಸುವ ಪ್ರಬಂಧವಾದರೆ, ಅವಳ ಗೈಡ್ ಆಗಿರುವ ಹಿರಿಯ ಡಾಕ್ಟರ್ ಜೊತೆ ಮಾತಾಡದೆ ಸಹಿ ಹಾಕಬೇಡಿ.

ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನಗಳು

ಇವುಗಳಲ್ಲಿ ಗುಂಪಿಲ್ಲ, ಮಾತ್ರೆ ಇಲ್ಲ. ನಿಮ್ಮನ್ನು ಅಳೆಯುತ್ತಾರೆ, ಬಿಡುತ್ತಾರೆ, ಕೆಲವು ವರ್ಷ ಬಿಟ್ಟು ಮತ್ತೆ ಕರೆದು ಅಳೆಯುತ್ತಾರೆ. ನೋಡಲು ಸಪ್ಪೆ, ಆದರೆ ನನಗೆ ತೀರಾ ಇಷ್ಟವಾದ ಬಗೆ ಇದು. ಪುಣೆಯ ಕೆಇಎಂ ಆಸ್ಪತ್ರೆ ಸಂಶೋಧನಾ ಕೇಂದ್ರದವರು ಪುಣೆ ಹತ್ತಿರದ ಆರು ಹಳ್ಳಿಗಳಲ್ಲಿ 1993ರಲ್ಲಿ ಗರ್ಭಿಣಿಯರನ್ನು ನೋಡಲು ಶುರು ಮಾಡಿದರು. ಇಲ್ಲೂ ಜೊತೆಗಿದ್ದವರು ಸೌತಾಂಪ್ಟನ್‌ನವರು. ಅಲ್ಲಿ ಹುಟ್ಟಿದ ಮಕ್ಕಳ ಸರಾಸರಿ ತೂಕ ಸುಮಾರು 2.7 ಕಿಲೋ, ಬ್ರಿಟನ್ನಿನ ಮಕ್ಕಳದ್ದು 3.5 ಕಿಲೋ. ನಮ್ಮ ಮಕ್ಕಳು ಸಣ್ಣಗಿದ್ದರು, ಆದರೆ ಆ ಸಣ್ಣ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು ಉಳಿದಿತ್ತು, ಕಡಿಮೆಯಿದ್ದದ್ದು ಸ್ನಾಯು. ತೆಳ್ಳಗೆ ಕಾಣುವ ಭಾರತೀಯನಿಗೂ ಯಾಕೆ ಸಕ್ಕರೆ ಕಾಯಿಲೆ ಬರುತ್ತದೆ ಅನ್ನುವುದಕ್ಕೆ ಡಾ. ಸಿ.ಎಸ್. ಯಾಜ್ಞಿಕ್ ಅವರ ತಂಡ ಕೊಟ್ಟ ಉತ್ತರ ಶುರುವಾಗಿದ್ದು ಇಲ್ಲಿಂದ. ಮುಂದೆ ತಾಯಿಯ ಬಿ12 ಕೊರತೆಗೂ ಮಗುವಿನ ಆರೋಗ್ಯಕ್ಕೂ ಇರುವ ಸಂಬಂಧ ಕಂಡಿತು. ಆ ಮಕ್ಕಳು ಹದಿಹರೆಯಕ್ಕೆ ಬಂದ ಮೇಲೆ ಅವರಲ್ಲೇ ಬಿ12 ಕೊಟ್ಟು ನೋಡುವ ಪ್ರಯೋಗವೂ ನಡೆಯಿತು.

ಸೇರುವವರಿಗೆ ಕೈಗೆ ಸಿಗುವುದು ಕೆಲವು ವರ್ಷಕ್ಕೊಮ್ಮೆ ಒಳ್ಳೆಯ ತಪಾಸಣೆ, ಅಷ್ಟೇ. ಅಪಾಯ ಇಲ್ಲವೆಂದೇ ಹೇಳಬಹುದು, ಎರಡನೇ ಗುಂಪಿನ ಚಿಂತೆಯೂ ಇಲ್ಲ. ಇಲ್ಲಿ ಕೇಳಬೇಕಾದ್ದು ಬೇರೆ. ರಿಪೋರ್ಟ್ ನನ್ನ ಕೈಗೆ ಕೊಡುತ್ತೀರಾ? ಏನಾದರೂ ಕಂಡರೆ ಹೇಳುತ್ತೀರಾ? ನನ್ನ ರಕ್ತವನ್ನು ಫ್ರೀಜರಿನಲ್ಲಿ ಇಟ್ಟು ಮುಂದೆ ಬೇರೆ ಪರೀಕ್ಷೆಗೆ ಬಳಸುತ್ತೀರಾ? ಕೊನೆಯದಕ್ಕೆ ಒಪ್ಪಿಗೆ ಪತ್ರದಲ್ಲಿ ಬೇರೆ ಖಾನೆ ಇರಬೇಕು, ಬೇಡ ಅನ್ನಲು ನಿಮಗೆ ಹಕ್ಕಿದೆ. ಎರಡು ಮೂರು ವರ್ಷಕ್ಕೊಮ್ಮೆ ಬಾಡಿಗೆ ಮನೆ ಬದಲಿಸುವವರು, ನಾಳೆ ಬೆಂಗಳೂರಿಗೆ ಟ್ರಾನ್ಸ್‌ಫರ್ ಆಗಬಹುದಾದವರು ಇದಕ್ಕೆ ಸೇರಬೇಡಿ. ಹತ್ತು ವರ್ಷ ಒಂದೇ ಕಡೆ ಇರುವವರೇ ಇವರಿಗೆ ಬೇಕಾದವರು.

ಮಾತಿನ ಚಿಕಿತ್ಸೆಯ ಪ್ರಯೋಗಗಳು

ಗೋವಾದ ವಿಷಯ ಬಂದರೆ ಇದನ್ನು ಬಿಡುವ ಹಾಗಿಲ್ಲ. ಸಂಗಾತ್ ಅನ್ನುವ ಸಂಸ್ಥೆ, ಲಂಡನ್ ಸ್ಕೂಲ್ ಆಫ್ ಹೈಜೀನ್ ಆಂಡ್ ಟ್ರಾಪಿಕಲ್ ಮೆಡಿಸಿನ್ ಜೊತೆ ಸೇರಿ, ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಎರಡು ಪ್ರಯೋಗ ಮಾಡಿತು. ಒಂದು ತೀವ್ರ ಖಿನ್ನತೆಗೆ, ಇನ್ನೊಂದು ಅತಿಯಾಗಿ ಕುಡಿಯುವ ಗಂಡಸರಿಗೆ. ಸಲಹೆ ಕೊಟ್ಟವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಖಿನ್ನತೆಗೆ ಆರರಿಂದ ಎಂಟು ಸಲ ಕೂತು ಮಾತು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ ಮೂರು ತಿಂಗಳಿಗೆ ಈ ಗುಂಪಿನಲ್ಲಿ ನೂರಕ್ಕೆ 64 ಜನ ಖಿನ್ನತೆಯಿಂದ ಹೊರಬಂದಿದ್ದರು, ಎರಡನೇ ಗುಂಪಿನಲ್ಲಿ 39. ಕುಡಿತದ ಪ್ರಯೋಗದಲ್ಲಿ ಕುಡಿತ ಹತೋಟಿಗೆ ಬಂದವರು 36 ಮತ್ತು 26. ಎರಡನೇ ಗುಂಪಿನವರನ್ನೂ ಹಾಗೇ ಬಿಟ್ಟಿರಲಿಲ್ಲ. ಅವರ ಪರೀಕ್ಷೆಯ ಫಲಿತಾಂಶ ಕೇಂದ್ರದ ಡಾಕ್ಟರಿಗೆ ಗೊತ್ತಿತ್ತು, ಏನು ಮಾಡಬೇಕು ಅನ್ನುವ ಮಾರ್ಗಸೂಚಿಯೂ ಅವರ ಬಳಿ ಇತ್ತು.

ಇಂಥ ಪ್ರಯೋಗ ಹತ್ತಿರದಲ್ಲಿ ನಡೆಯುತ್ತಿದ್ದರೆ, ಖರ್ಚಿಲ್ಲದೆ ಸಹಾಯ ಸಿಗುವ ದಾರಿ ಅದು. ತೊಡಕು ಒಂದೇ, ಭಾಷೆ. ಮಾತೇ ಔಷಧ ಅಂದ ಮೇಲೆ ಝುವಾರಿನಗರದಲ್ಲಿರುವ ಬಾಗಲಕೋಟೆಯವನಿಗೆ ಕೊಂಕಣಿಯಲ್ಲಿ ಸಮಾಧಾನ ಹೇಳಿದರೆ ಎಷ್ಟು ತಟ್ಟೀತು? ಕನ್ನಡ ಬಲ್ಲ ಸಲಹೆಗಾರರು ಇದ್ದಾರಾ ಅಂತ ಮೊದಲೇ ಕೇಳಿ. ಇಲ್ಲವಾದರೆ ಅಲ್ಲಿನ ಪ್ರಾಥಮಿಕ ಕೇಂದ್ರದ ಡಾಕ್ಟರೇ ಸಾಕು. ಹೆಚ್ಚಿನದು ಬೇಕಾದರೆ ಬಾಂಬೋಲಿಮ್‌ನ ಗೋವಾ ಮೆಡಿಕಲ್ ಕಾಲೇಜು ಇದೆ, ಪೋರ್ಚುಗೀಸರ ಕಾಲದಲ್ಲಿ 1842ರಲ್ಲಿ ಶುರುವಾದ ಸಂಸ್ಥೆ. ಅಲ್ಲಿ ಕನ್ನಡ ಮಾತಾಡುವ ರೋಗಿಗಳೇನೂ ಹೊಸಬರಲ್ಲ.

ದುಡ್ಡು ಕೊಡುವ ಅಧ್ಯಯನಗಳು

ಇವು ಸಾಮಾನ್ಯವಾಗಿ ಕಾಲೇಜಿನವಲ್ಲ, ಕಂಪನಿಗಳಿಗಾಗಿ ನಡೆಯುವವು. ಆದರೆ ಪೋಸ್ಟರುಗಳ ಮಧ್ಯೆ ಸೇರಿಕೊಂಡಿರುತ್ತವೆ ಅಂತ ಹೇಳುತ್ತಿದ್ದೇನೆ. ಆರೋಗ್ಯವಂತ ಯುವಕರನ್ನು ಒಂದೆರಡು ರಾತ್ರಿ ಅಲ್ಲೇ ಇಟ್ಟುಕೊಂಡು, ಒಂದು ಮಾತ್ರೆ ಕೊಟ್ಟು, ಕೈಗೆ ಸೂಜಿ ಕೊಳವೆ ಹಾಕಿ, ಗಂಟೆಗಂಟೆಗೂ ರಕ್ತ ತೆಗೆದು, ಔಷಧ ಎಷ್ಟು ಬೇಗ ರಕ್ತಕ್ಕೆ ಸೇರುತ್ತದೆ ಅಂತ ನೋಡುತ್ತಾರೆ. ದುಡ್ಡು ಕೊಡುತ್ತಾರೆ. ನಿಮ್ಮ ಆರೋಗ್ಯಕ್ಕೆ ಏನೂ ಲಾಭವಿಲ್ಲ. ಒಂದಾದ ಮೇಲೆ ಇನ್ನೊಂದಕ್ಕೆ ಸೇರಲು ಸಾಮಾನ್ಯವಾಗಿ ಮೂರು ತಿಂಗಳ ಅಂತರ ಕೇಳುತ್ತಾರೆ, ಕೆಲವು ಹುಡುಗರು ಅದನ್ನು ಮುಚ್ಚಿಟ್ಟು ಬೇರೆ ಕಡೆ ಸೇರುತ್ತಾರೆ. ಅದು ಅವರ ಮೈಗೇ ಅಪಾಯ. ಕೆಲಸ ಹುಡುಕಿಕೊಂಡು ಊರಿನಿಂದ ಬಂದ ಹುಡುಗರಿಗೆ ಹಿರಿಯರಾದ ನಾವು ಇದನ್ನು ಹೇಳಬೇಕು.

ಹಾಗಾದರೆ ನಿಮಗೆ ಯಾವುದು?

ಹಿಂಜೆವಾಡಿಯಲ್ಲಿ ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂರುವ, ನಲವತ್ತರ ಹತ್ತಿರದ, ಶುಗರ್ ಬಾರ್ಡರ್ ಇರುವ ಹುಬ್ಬಳ್ಳಿಯವರಿಗೆ ಜೀವನಶೈಲಿಯ ಪ್ರಯೋಗ. ಅದೂ ಭೇಟಿ ಕಡಿಮೆ ಇದ್ದು ಫೋನಿನಲ್ಲಿ ವಿಚಾರಿಸುವಂಥದ್ದು, ಎರಡನೇ ಗುಂಪಿಗೆ ಕೊನೆಯಲ್ಲಿ ತರಬೇತಿ ಕೊಡುವಂಥದ್ದು. ದುಡ್ಡಿನ ಚಿಂತೆ ಅವರಿಗಿಲ್ಲ, ಬೆಳಗಿನ ಹೊತ್ತೇ ಅವರ ಬಜೆಟ್.

ಮಾಟುಂಗಾದ ಹೋಟೆಲಿನಲ್ಲಿ ಬೆಳಿಗ್ಗೆ ಐದಕ್ಕೆ ಕೆಲಸ ಶುರು ಮಾಡುವವರಿಗೆ ವಾರಕ್ಕೆ ಮೂರು ದಿನದ ಯೋಗ ತರಗತಿ ಆಗದ ಮಾತು. ರಜೆ ಹಾಕಿದ ದಿನದ ಕೂಲಿ ಹೋಗುತ್ತದೆ. ಹೇಗೂ ತೋರಿಸಿಕೊಳ್ಳುವ ಆಸ್ಪತ್ರೆಯಲ್ಲೇ, ಹೇಗೂ ಹೋಗುವ ದಿನವೇ ಮುಗಿಯುವ ಅಧ್ಯಯನ ಆದರೆ ಸರಿ. ಇಲ್ಲವಾದರೆ ಬೇಡ ಅನ್ನಲು ಸಂಕೋಚ ಬೇಡ. ಸೇರಲಿಲ್ಲ ಅಂತ ಚಿಕಿತ್ಸೆ ಕಡಿಮೆ ಮಾಡುವಂತಿಲ್ಲ.

ಅರವತ್ತು ದಾಟಿದ, ನಾಲ್ಕೈದು ಮಾತ್ರೆ ನುಂಗುತ್ತಿರುವ ಡೊಂಬಿವಲಿಯ ಅಮ್ಮನಿಗೆ ಹೊಸ ಔಷಧದ ಪ್ರಯೋಗ ಬೇಡ. ಯಾರನ್ನು ಸೇರಿಸುವುದಿಲ್ಲ ಅನ್ನುವ ಪಟ್ಟಿ ನೋಡಿದರೆ ಅವರೂ ಇವರನ್ನು ಬೇಡ ಅಂದಿರುವ ಸಾಧ್ಯತೆಯೇ ಹೆಚ್ಚು. ಹತ್ತಿರದಲ್ಲೇ ನಡೆಯುವ ಕುರ್ಚಿ ಯೋಗದ್ದೋ, ನಡಿಗೆಯದ್ದೋ ಇದ್ದರೆ ಖುಷಿಯಿಂದ ಹೋಗಲಿ, ನಾಲ್ಕು ಜನರ ಮುಖ ನೋಡಿದಂತಾಗುತ್ತದೆ.

ಮದುವೆಯಾಗಿ ಪುಣೆಗೆ ಬಂದ, ಮಗು ಬೇಕು ಅಂತ ಯೋಚಿಸುತ್ತಿರುವವರಿಗೆ ಪೋಷಣೆಯ ಅಧ್ಯಯನಗಳು ಒಳ್ಳೆಯವು, ಪುಣೆಯವರಿಗೆ ಈ ವಿಷಯದಲ್ಲಿ ಹಳೆಯ ಅನುಭವ ಇದೆ. ಔಷಧದ ಪ್ರಯೋಗಕ್ಕೆ ಮಾತ್ರ ಈ ಹೊತ್ತಿನಲ್ಲಿ ಹೋಗಬೇಡಿ.

ಸಹಿ ಹಾಕುವ ಮೊದಲು

ಸಿಟಿಆರ್‌ಐ ಅಂತ ಒಂದು ಸರ್ಕಾರಿ ದಾಖಲೆ ಇದೆ, ದೇಶದ ಪ್ರಯೋಗಗಳೆಲ್ಲ ಅಲ್ಲಿ ನೋಂದಣಿಯಾಗಬೇಕು. 2007ರಲ್ಲಿ ಶುರುವಾಯಿತು, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಪೋಸ್ಟರಿನಲ್ಲಿ ಅದರ ನಂಬರ್ ಇಲ್ಲದಿದ್ದರೆ ಕೇಳಿ. ಇಂಗ್ಲಿಷಿನಲ್ಲಿದೆ, ಮಕ್ಕಳ ಹತ್ತಿರ ಕೂತು ನೋಡಿ. ನೋಡಬೇಕಾದ್ದು ನಾಲ್ಕೇ. ಜನರನ್ನು ಸೇರಿಸಿಕೊಳ್ಳುವ ಮೊದಲೇ ನೋಂದಣಿ ಆಗಿದೆಯಾ? 2018ರ ಏಪ್ರಿಲ್‌ನಿಂದ ಅದು ಕಡ್ಡಾಯ. ಪಿಜಿ ಥೀಸಿಸ್ ಹೌದಾ ಅಲ್ವಾ, ಅದಕ್ಕೆ ಅಲ್ಲೇ ಒಂದು ಖಾನೆ ಇದೆ. ಎಷ್ಟು ಜನ ಬೇಕಾಗಿದ್ದಾರೆ? ಹಣ ಕೊಡುವವರು ಯಾರು? ಒಂದು ಪೌಡರಿನ ಪ್ರಯೋಗಕ್ಕೆ ಆ ಪೌಡರ್ ಮಾರುವವರೇ ಹಣ ಹಾಕಿದ್ದರೆ ತಪ್ಪೇನಿಲ್ಲ, ಗೊತ್ತಿರಲಿ ಅಷ್ಟೇ.

ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಮರಾಠಿ ಮಾತಾಡಲು ಬರುತ್ತದೆ ಅಂದ ಮಾತ್ರಕ್ಕೆ ಎಂಟು ಪುಟದ ಮರಾಠಿ ಒಪ್ಪಿಗೆ ಪತ್ರ ಅರ್ಥವಾಗುತ್ತದೆ ಅಂತಲ್ಲ. ಕನ್ನಡದ್ದು ಕೊಡಿ ಅಂತ ಕೇಳಿ. ಓದಲು ಬಾರದವರಿಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಮುಂದೆ ಓದಿ ಹೇಳಬೇಕು. ಅಲ್ಲೇ ಸಹಿ ಹಾಕಲೇಬೇಕು ಅಂತಿಲ್ಲ, ಮನೆಗೆ ಒಯ್ದು ಯೋಚಿಸಿ. ಸಹಿ ಹಾಕಿದ ಪ್ರತಿ ನಿಮ್ಮ ಕೈಗೆ ಬರಬೇಕು. ಮಧ್ಯದಲ್ಲಿ ಬಿಡಬಹುದು, ಕಾರಣವನ್ನೂ ಹೇಳಬೇಕಾಗಿಲ್ಲ. ಆದರೆ ಔಷಧದ ಪ್ರಯೋಗವಾದರೆ ಫೋನ್ ಎತ್ತದೆ ತಪ್ಪಿಸಿಕೊಳ್ಳಬೇಡಿ. ಹೋಗಿ ಹೇಳಿ, ಮಾತ್ರೆ ಹೇಗೆ ನಿಲ್ಲಿಸಬೇಕು ಅಂತ ಕೇಳಿಕೊಂಡು ಬನ್ನಿ.

ಆ ಪತ್ರದಲ್ಲಿ ಎರಡು ಫೋನ್ ನಂಬರ್ ಇರುತ್ತವೆ. ಒಂದು ಪ್ರಯೋಗ ನಡೆಸುವ ಡಾಕ್ಟರದ್ದು, ಒಂದು ಎಥಿಕ್ಸ್ ಕಮಿಟಿಯದ್ದು. ಸಹಿ ಹಾಕುವ ಮೊದಲು ಎರಡನೆಯದಕ್ಕೆ ಒಂದು ಸಲ ಫೋನ್ ಮಾಡಿ, ನಿಮಗೆ ಏಳುವ ಒಂದು ಪ್ರಶ್ನೆ ಕೇಳಿ. ಎತ್ತುತ್ತಾರಾ, ಉತ್ತರ ಕೊಡುತ್ತಾರಾ, ವಾಪಸ್ ಮಾಡುತ್ತೇವೆ ಅಂದವರು ಮಾಡುತ್ತಾರಾ ನೋಡಿ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಾಡಿ. ಊಟದ ಹೊತ್ತಿನಲ್ಲಿ ನಮ್ಮ ಆಫೀಸಿನಲ್ಲೂ ಯಾರೂ ಎತ್ತುವುದಿಲ್ಲ.